ಸಾವಂತನ ಆರ್ಡರು ಎಲ್ಲಿದೆ?

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಹುಡುಕಲು ಬರುವುದಿಲ್ಲ. ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿ ಕಣ್ಣೆದುರಿಗೇ ಇದ್ದರೂ, ಅದೊಂದನ್ನು ಬಿಟ್ಟು ಉಳಿದ ಹನ್ನೊಂದು ಡಬ್ಬಿಗಳ ಮುಚ್ಚಳ ತೆಗೆದು ಮೂಸಿರುತ್ತೇನೆ. ಹಳಿಯಾಳದ ಶಾಲೆಯೊಂದರಲ್ಲಿ ಮಾಸ್ತರಾಗಿರುವ ನಮ್ಮ ಮನೆಯವರು ಪೇಪರಿನಿಂದ ತಲೆಯನ್ನೂ ಎತ್ತದೆ, "ನಿನ್ನ ಕೈಯಾಗ ಐತಿ ನೋಡ" ಎನ್ನುತ್ತಾರೆ. ಬಹಳ ಸಲ ಅದು ಕೈಯಲ್ಲೇ ಇರುತ್ತದೆ. ಇಂಥ ನನ್ನನ್ನು, ದಾಂಡೇಲಿಯಲ್ಲಿ ನಾನು ಕೆಲಸ ಮಾಡುವ ದೊಡ್ಡ ಕಾರ್ಖಾನೆಯವರು ನೌಕರರಿಗೆಲ್ಲ ಮಾಹಿತಿ ಹುಡುಕಿಕೊಡುವ ಕೆಲಸಕ್ಕೆ ನೇಮಿಸಿದರು. ಅದಕ್ಕೂ ಮೊದಲು ಅವರು ನಮ್ಮ ಮನೆಯವರನ್ನು ಒಂದು ಮಾತು ಕೇಳಬೇಕಿತ್ತು.

ಆಗಿದ್ದು ಇಷ್ಟು. ನಾನು ರೆಕಾರ್ಡ್ ರೂಮಿನಲ್ಲಿ ಇಪ್ಪತ್ತು ವರ್ಷ ಫೈಲುಗಳ ಧೂಳು ಕುಡಿದವಳು. ಹೋದ ವರ್ಷ ಆ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರು. ಎಲ್ಲ ವಿಭಾಗದವರಿಗೂ ಒಂದು 'ಸರ್ಚ್' ಬಂತು. ಪರದೆಯ ಮೇಲೆ ಒಂದು ಉದ್ದನೆಯ ಖಾಲಿ ಪಟ್ಟಿ. ಅದರಲ್ಲಿ ಬೇಕಾದ ಪದ ಬರೆದರೆ, ಆ ಪದವಿರುವ ಕಾಗದಗಳೆಲ್ಲ ಬಂದು ಸಾಲಾಗಿ ನಿಲ್ಲುತ್ತವೆ. ಅದನ್ನು ಕಲಿಸಲು ಹೊರಗಿನಿಂದ ಬಂದಿದ್ದವರು, "ಇನ್ನು ಮುಂದೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ" ಎಂದು ಬಹಳ ಸಂತೋಷದಿಂದ ಹೇಳಿದರು. ನಮ್ಮವರ ಮುಖ ಸಪ್ಪಗಾಯಿತು. ಕೇಳುವುದೆಂದರೆ ನಮ್ಮಲ್ಲಿ ಬರೀ ಕೇಳುವುದಲ್ಲ. ಒಂದು ರಜೆಯ ಫಾರ್ಮು ಬೇಕೆಂದು ಬಂದವರು ಚಹಾ ಕುಡಿದು, ನಾದಿನಿಯ ಹೆರಿಗೆಯ ಸುದ್ದಿ ಹೇಳಿ, ಉಳವಿಗೆ ಹೋಗಿಬಂದ ಪ್ರಸಾದ ಕೊಟ್ಟು, ಫಾರ್ಮನ್ನು ಮರೆತು ವಾಪಸು ಹೋಗುವುದೂ ಉಂಟು. ಅದರ ಜಾಗದಲ್ಲಿ ಖಾಲಿ ಪಟ್ಟಿಯೊಂದು ಬಂದು ಕೂತರೆ ಯಾರಿಗೆ ತಾನೇ ಖುಷಿಯಾದೀತು? ಯಾರಿಗಾದರೂ ಹುಡುಕಲು ಬಾರದಿದ್ದರೆ ಸಹಾಯ ಮಾಡಲು ಒಬ್ಬರು ಬೇಕು ಎಂದಾಗ, ಇಪ್ಪತ್ತು ವರ್ಷದ ಧೂಳನ್ನು ಲೆಕ್ಕಕ್ಕೆ ಹಿಡಿದು ನನ್ನ ಹೆಸರು ಬರೆದರು. ನಾನೂ ಉಬ್ಬಿ, ಮೇಜಿನ ಮೇಲೊಂದು ಬೋರ್ಡು ಇಟ್ಟುಕೊಂಡೆ.

ಮೊದಲ ತಿಂಗಳು ಸುಸೂತ್ರವಾಗಿ ಕಳೆಯಿತು, ಏಕೆಂದರೆ ಯಾರೂ ಬರಲಿಲ್ಲ. ಆಮೇಲೆ ಒಂದು ಗುರುವಾರ ಫಿಟ್ಟರ್ ಮಲ್ಲಪ್ಪಣ್ಣ ಬಂದ. ಮುಂಡಗೋಡ ಕಡೆಯ ಸನವಳ್ಳಿಯವನು. ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ನಾನು ಅವನನ್ನು ನೋಡಿದ್ದು ಅದೇ ಮೊದಲು. ಇನ್ನು ಮೂರು ವಾರಕ್ಕೆ ಅವನ ನಿವೃತ್ತಿ. ಅದಾದ ತಿಂಗಳೊಳಗೆ ಕಾರ್ಖಾನೆಯ ಕ್ವಾರ್ಟರ್ಸ್ ಬಿಡಬೇಕು. ಮಗಳು ಕಾವೇರಿ ಹತ್ತನೇ ತರಗತಿ, ಪರೀಕ್ಷೆಗೆ ಇನ್ನೂ ಮೂರು ತಿಂಗಳು.

"ಅಕ್ಕಾರ, ಸನವಳ್ಳಿಗೆ ಹೋದ್ರ ಹುಡುಗಿ ಸಾಲಿ ತಪ್ಪತೈತ್ರಿ. ದಿನಾ ಅಲ್ಲಿಂದ ಬಸ್ಸಿನಾಗ ಬಂದು ಏನ ಓದತಾಳ್ರಿ? ಹೊಸ ಸಾಹೇಬ್ರು ಸೋಮವಾರದೊಳಗ ಕಾಗದ ತೋರಸಂದಾರ. ಸಾವಂತನ ಆರ್ಡರ್ ಐತೆಲ್ಲ, ಅದನ್ನೊಂದ ತಗದ ಕೊಡ್ರಿ."

ಸಾವಂತನ ಆರ್ಡರ್ ಯಾರಿಗೆ ಗೊತ್ತಿಲ್ಲ? ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಮನೆ ಬಿಡಬೇಕಿಲ್ಲ ಎನ್ನುವ ಹಳೆಯ ಆದೇಶ ಅದು. ನಮ್ಮ ಕಾರ್ಖಾನೆಯಲ್ಲಿ ಯಾವ ಕಾಗದವನ್ನೂ ಯಾರೂ ಅದರ ನಂಬರಿನಿಂದ ಕರೆಯುವುದಿಲ್ಲ. ಅದನ್ನು ಹೊರಡಿಸುವ ಹಾಗೆ ಮಾಡಿದವರು ಯಾರೋ ಅವರ ಹೆಸರೇ ಅದಕ್ಕೆ. ಸೈಕಲ್ಲನ್ನು ಗೇಟಿನೊಳಗೆ ತರಲು ಬಿಡುವ ಚೀಟಿ 'ದಾದಾನ ಪಾಸು'. ಸ್ವಂತ ತಮ್ಮನ ಮದುವೆಗೆ ಸಿಗುವ ಅರ್ಧ ದಿನ 'ಲಮಾಣಿ ರಜೆ'. ಅದನ್ನು ಮೊದಲು ಕೇಳಿದ ಲಮಾಣಿ ಒಟ್ಟು ಐದು ತಮ್ಮಂದಿರ ಮದುವೆ ಮುಗಿಸಿ, ಆರನೆಯವನ ಹೆಸರು ಹೇಳಿದಾಗ ಸಿಕ್ಕಿಬಿದ್ದ. ಹೊಸ ಸಾಹೇಬರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅವರು ಕೆಟ್ಟವರಲ್ಲ. "ಕಾಗದ ತೋರಿಸಿ, ನಾನು ಬೇಡ ಅನ್ನೋದಿಲ್ಲ" ಎಂದಷ್ಟೇ ಹೇಳಿದ್ದರು.

ನಾನು ಕನ್ನಡಕ ಏರಿಸಿ ಗತ್ತಿನಿಂದ 'ಸಾವಂತ್' ಎಂದು ಬರೆದೆ. ಕಾಗದಗಳ ಸಾಲು ಬಂತು. ಸಾವಂತನ ರಜೆ ಅರ್ಜಿಗಳು. ಕ್ಯಾಂಟೀನಿನ ಉಸಳಿಯಲ್ಲಿ ಕಾಳಿಗಿಂತ ನೀರೇ ಹೆಚ್ಚೆಂದು ಸಾವಂತ ಕೊಟ್ಟ ದೂರು. ವಾಲಿಬಾಲ್ ತಂಡದ ಫೋಟೋದಲ್ಲಿ ಕಣ್ಣು ಮುಚ್ಚಿ ನಿಂತ ಸಾವಂತ. ಬೀಳ್ಕೊಡುಗೆಯ ಆಮಂತ್ರಣ. ಆರ್ಡರ್ ಮಾತ್ರ ಇಲ್ಲ. 'ಪರೀಕ್ಷೆ' ಎಂದು ಬರೆದೆ. ಕಣ್ಣಿನ ಪರೀಕ್ಷೆ, ನೀರಿನ ಪರೀಕ್ಷೆ, ಬಾಯ್ಲರ್ ಪರೀಕ್ಷೆ ಎಂದು ಸಾವಿರಾರು ಹಾಳೆ ಬಂದವು. 'ಮಗಳು' ಎಂದು ಬರೆದರೆ ಲಗ್ನಪತ್ರಿಕೆಗಳು ಬಂದವು. ಮಲ್ಲಪ್ಪಣ್ಣ ನನ್ನ ಪಕ್ಕದಲ್ಲಿ ನಿಂತು ಒಂದೊಂದು ಹಾಳೆ ಬಂದಾಗಲೂ "ಇದ ಇರಬೇಕ್ರಿ" ಎನ್ನುತ್ತಿದ್ದ. ಶುಕ್ರವಾರವೂ ಬಂದು ನಿಂತ. ಶನಿವಾರ ಮಧ್ಯಾಹ್ನ, "ಇರ್ಲಿ ಬಿಡ್ರಿ ಅಕ್ಕಾರ, ನೀವಾದ್ರೂ ಏನ ಮಾಡ್ತೀರಿ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದ. ನನಗೆ ಅಳು ಬಂತು. ಬೋರ್ಡನ್ನು ಡ್ರಾಯರಿನೊಳಗೆ ಹಾಕಿದೆ.

ಸಾವಂತ ನಿವೃತ್ತನಾಗಿ ಜೊಯಿಡಾದಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟಿದ್ದಾನೆ. ಫೋನು ಮಾಡಿದರೆ, ಅದು ಹತ್ತುತ್ತಲೇ ಇಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂದು ಊರಿಗೆಲ್ಲ ಹೇಳಬೇಕಾದ ಹೆಂಗಸು, ಒಂದು ಮಾತು ಕೇಳಲು ಕಿಟಕಿ ಪಕ್ಕ ಕೂತು ಕಾಡು ದಾಟಿ ಹೊರಟಿದ್ದಳು. ಮಧ್ಯಾಹ್ನದ ಬಸ್ಸು ತಪ್ಪಿದರೆ ಮುಂದೇನು ಎನ್ನುವ ಚಿಂತೆ ಬೇರೆ.

"ಅರೇ, ಗಿರಿಜಾಬಾಯಿ! ಬರ್ರಿ, ಬರ್ರಿ" ಎಂದು ಸಾವಂತ ಸ್ಟೂಲು ಒರೆಸಿ ಕೊಟ್ಟ. ನಾನು ವಿಷಯ ಹೇಳಿದೆ. ಅವನು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಹಳೆಯ ಕಥೆ ಬಿಚ್ಚಿದ. ಮಗನ ಹನ್ನೆರಡನೇ ತರಗತಿ ಪರೀಕ್ಷೆಯ ಹೊತ್ತಿಗೆ ಮನೆ ಬಿಡು ಎಂದಾಗ ಅವನು ಜಗಳ ಮಾಡಲಿಲ್ಲವಂತೆ. ಟ್ರಂಕು ತಂದು ಸಾಹೇಬರ ಆಫೀಸಿನ ಬಾಗಿಲಲ್ಲಿಟ್ಟು, ಅದರ ಮೇಲೆ ಮಗನನ್ನು ಓದಲು ಕೂಡಿಸಿದನಂತೆ. ಹುಡುಗ ಗಟ್ಟಿಯಾಗಿ ಓದುವವನು. ನಾಲ್ಕು ದಿನ ರಸಾಯನಶಾಸ್ತ್ರ ಕೇಳಿದ ಮೇಲೆ ಸಾಹೇಬರು ಆರ್ಡರ್ ಹೊರಡಿಸಿದರು.

"ಕಾಗದ ಐತೇನ್ರಿ ನಿಮ್ಮ ಹತ್ರ?" ಎಂದು ಕೇಳಿದೆ.

"ಕಾಗದ ಇಲ್ಲಾ ಬಾಯಿ. ಪಣ್ ಅದರಾಗಿಂದು ಬಾಯಿಪಾಠ ಐತಿ. ನಾಕ್ ದಿವಸ ಟ್ರಂಕ್ ಹೊತ್ತಾಂವ ನಾ, ಆರ್ಡರಿನಾಗ ನನ್ನ ಹೆಸರ ಇಲ್ಲ! ಎಲ್ಲಾದ್ರೂ ಐತೇನೋ ಅಂತ ನೂರ್ ಸಲ ಓದೀನಿ ಅದನ್ನ." ಹೀಗೆಂದವನೇ, ಶಾಲೆಯ ಹುಡುಗನ ಹಾಗೆ ಕೈ ಕಟ್ಟಿ ನಿಂತು ಒಪ್ಪಿಸಿದ: "ಅವಲಂಬಿತರ ಶೈಕ್ಷಣಿಕ ಅವಧಿಯು ಪೂರ್ಣಗೊಳ್ಳುವ ಪರ್ಯಂತ ವಸತಿ ಸೌಲಭ್ಯದ ತೆರವನ್ನು ಮುಂದೂಡುವ ಕುರಿತು."

ಅದರಲ್ಲಿ ಮಗಳಿಲ್ಲ, ಪರೀಕ್ಷೆಯಿಲ್ಲ, ಮನೆಯಿಲ್ಲ, ಬಿಡುವುದೂ ಇಲ್ಲ. ಮನುಷ್ಯರು ಆಡುವ ಒಂದೇ ಒಂದು ಮಾತು ಅದರಲ್ಲಿ ಸಿಗದ ಹಾಗೆ ಯಾರೋ ಪುಣ್ಯಾತ್ಮರು ಶ್ರಮಪಟ್ಟು ಬರೆದಿದ್ದರು. ಮಷೀನು ಪಾಪ ಏನು ಮಾಡೀತು? ಸಾವಂತ ಕೊಟ್ಟ ಅವಲಕ್ಕಿ ತಿಂದು, ಆ ಸಾಲನ್ನು ಬಸ್‌ ಟಿಕೆಟಿನ ಹಿಂದೆ ಬರೆದುಕೊಂಡೆ. ಸೋಮವಾರ ಆಫೀಸಿನ ಬಾಗಿಲು ತೆಗೆಯುತ್ತಲೇ ಅದನ್ನು ಪಟ್ಟಿಯಲ್ಲಿ ಬರೆದೆ. ಕಣ್ಣು ಮಿಟುಕಿಸುವುದರೊಳಗೆ ಆರ್ಡರು ಬಂತು. ಸಾಹೇಬರು ಓದಿದರು, ತಲೆ ಆಡಿಸಿದರು, ಮಾರ್ಚಿನಲ್ಲಿ ಪರೀಕ್ಷೆ ಮುಗಿಯುವವರೆಗೆ ಇರಬಹುದೆಂದು ಸಹಿ ಹಾಕಿದರು. ಮಲ್ಲಪ್ಪಣ್ಣ ನನ್ನ ಕಡೆಗೆ ಎರಡೂ ಕೈ ಎತ್ತಿ ಮುಗಿದ. ಅವತ್ತು ನನ್ನ ಸೊಕ್ಕು ನೋಡಬೇಕಿತ್ತು.

ಆ ಸೊಕ್ಕಿನಲ್ಲೇ ನಾನು ಮೇಲಿನವರಿಗೆ ಒಂದು ಸಲಹೆ ಕೊಟ್ಟೆ. ಪ್ರತಿ ಕಾಗದದ ಜೊತೆ 'ಜನ ಇದನ್ನು ಏನೆಂದು ಕರೆಯುತ್ತಾರೆ' ಎನ್ನುವ ಒಂದು ಸಾಲು ಸೇರಿಸೋಣ. ಹೆಸರುಗಳನ್ನು ಆಯಾ ವಿಭಾಗದವರೇ ಬರೆದು ಕಳಿಸಲಿ, ನಾನು ನೋಡಿ ಒಪ್ಪಿಗೆ ಕೊಡುತ್ತೇನೆ ಎಂದೆ. ಅವರಿಗೆ ಬಹಳ ಹಿಡಿಸಿತು. ಹೆಸರುಗಳು ದಂಡಿಯಾಗಿ ಬಂದವು. ಸಾವಂತನ ಹೆಸರನ್ನು ಅವನ ಆರ್ಡರಿಗೆ ನಾನೇ ಸೇರಿಸಿದೆ. ದಾದಾ, ಲಮಾಣಿ ಎಲ್ಲರೂ ತಂತಮ್ಮ ಜಾಗಕ್ಕೆ ಬಂದು ಕೂತರು. ನಾನು ಒಂದೊಂದಕ್ಕೂ ಒಪ್ಪಿಗೆ ಒತ್ತುತ್ತಾ ಹೋದೆ. ಹಾಗೆಯೇ ಒತ್ತುತ್ತಿದ್ದಾಗ ಫಿಟ್ಟರ್ ವಿಭಾಗದಿಂದ ಬಂದ ಒಂದು ಹೆಸರು ಎದುರಾಯಿತು: 'ಗಿರಿಜಕ್ಕನ ಆರ್ಡರ್'.

ನನ್ನ ಹೆಸರಿನದೂ ಒಂದು ಆರ್ಡರೇ? ಯಾರಿಗೆ ಏನು ಉಪಕಾರ ಮಾಡಿ ಮರೆತುಬಿಟ್ಟಿದ್ದೇನೋ ಎಂದು ಕಾಗದ ತೆರೆದೆ. ಎಂಟು ವರ್ಷ ಹಳೆಯದು. "ಸಿಬ್ಬಂದಿಯು ಭೋಜನದ ವೇಳೆಯಲ್ಲಿ ಮೂಲ ಕಡತಗಳನ್ನು ಊಟದ ಡಬ್ಬಿಯ ಕೆಳಗೆ ಹಾಸತಕ್ಕದ್ದಲ್ಲ." ಆ ನೋಟಿಸನ್ನು ಬೋರ್ಡಿಗೆ ಚುಚ್ಚಿದವಳು ನಾನೇ. ಚುಚ್ಚುವಾಗ, "ಎಂಥಾ ಮಂದಿ ಇರ್ತಾರವ್ವ" ಎಂದು ನಾಲ್ಕು ಜನರೆದುರು ಅಂದೂ ಇದ್ದೆ. ಅವರು ಯಾಕೆ ಅಷ್ಟು ನಕ್ಕರು ಎನ್ನುವುದು ಎಂಟು ವರ್ಷ ನನಗೆ ಹೊಳೆದಿರಲಿಲ್ಲ. ನನ್ನ ಡಬ್ಬಿಯ ಬದನೆಕಾಯಿ ಎಣ್ಣೆಗಾಯಿಯ ಎಣ್ಣೆ ರೊಟ್ಟಿ ದಾಟಿ ಫೈಲಿಗೂ ಇಳಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅಷ್ಟರಲ್ಲಿ ಮಲ್ಲಪ್ಪಣ್ಣ ಬಾಗಿಲಲ್ಲಿ ನಿಂತಿದ್ದ. ಅದು ಅವನ ಕೆಲಸದ ಕೊನೆಯ ದಿನ. ಪೇಡೆ ಹಂಚಲು ಬಂದಿದ್ದ. ಕಣ್ಣಲ್ಲಿ ನೀರು.

"ಅಕ್ಕಾರ, ನಿಮ್ಮಿಂದ ನನ್ನ ಮಗಳ ಪರೀಕ್ಷಾ ಉಳೀತು. ಸಾವಂತನ ಹೆಸರ ಉಳದಂಗ ನಿಮ್ಮ ಹೆಸರೂ ಈ ಕಾರ್ಖಾನ್ಯಾಗ ಕಾಯಂ ಉಳೀಬೇಕ್ರಿ. ಮಂದಿ ಮೊದಲಿಂದ ನಿಮ್ಮ ಹೆಸರ್ಲೆ ಕರಿಯು ಆರ್ಡರ್ ಒಂದ ಐತೆಲ್ಲ, ಅದಕ್ಕ ನಾನ ಮುಂದ ನಿಂತು ಬರಸೇನಿ."

ಅಂಥ ಮನುಷ್ಯನಿಗೆ ಏನು ಹೇಳುವುದು? ಪೇಡೆ ಬಾಯಿಗೆ ಹಾಕಿಕೊಂಡು, ಅವನ ಕಣ್ಣೆದುರಿಗೇ ಒಪ್ಪಿಗೆ ಒತ್ತಿದೆ. ಈಗ ನಮ್ಮ ಕಾರ್ಖಾನೆಯ ಯಾವ ಮೂಲೆಯಲ್ಲಿ ಕೂತು ಯಾರು ನನ್ನ ಹೆಸರು ಬರೆದರೂ, ಇಪ್ಪತ್ತು ವರ್ಷದ ನನ್ನ ಸೇವೆಯೆಲ್ಲ ಹಿಂದೆ ಸರಿದು, ಆ ನೋಟಿಸೇ ಎಲ್ಲಕ್ಕಿಂತ ಮೊದಲು ಬರುತ್ತದೆ. ಹುಡುಕಲು ಯಾರ ಸಹಾಯವೂ ಬೇಕಾಗುವುದಿಲ್ಲ.