ಸಾಬ್ರ ಮಗಳ ಆಪು, ಕೊನೇ ಗದ್ದೆಯ ನೀರು

ಮಂಡ್ಯದಲ್ಲಿ ಕೂತು ಸಾಫ್ಟ್‌ವೇರ್ ಬರೆಯೋರಿಗೆ ಏನಾದರೊಂದು ಫಜೀತಿ ಆಗದೇ ಇರೋ ವಾರ ಅಂತ ಇಲ್ಲ. ಬೇರೆ ಊರಿನವರಿಗೆ ಅವರ ತಪ್ಪನ್ನ ಕಂಪ್ಯೂಟರು ತೋರಿಸುತ್ತೆ. ನಮಗೆ ಜನ ರಸ್ತೇಲಿ ನಿಲ್ಲಿಸಿ ಹೇಳ್ತಾರೆ, ಅದೂ ನಾಲ್ಕು ಜನರ ಎದುರಿಗೆ.

ನಮ್ಮ ಮನೆ ಮದ್ದೂರಿನಲ್ಲಿ. ನಮ್ಮಬ್ಬನ, ಅಂದರೆ ನಮ್ಮ ತಂದೆಯ ಅಂಗಡಿ ಮಂಡ್ಯದಲ್ಲಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡೋ ರಿವೈಂಡಿಂಗ್ ಕೆಲಸ, ಮೂವತ್ತು ವರ್ಷದಿಂದ. ಸುತ್ತಲ ಹಳ್ಳಿಗಳಿಗೆಲ್ಲ ಅವರು 'ಮೋಟಾರು ಸಾಬ್ರು'. ಅಂಗಡಿಯ ಗೋಡೆ ತುಂಬ ಪೆನ್ಸಿಲ್‌ನಲ್ಲಿ ಬರೆದ ರೈತರ ಫೋನ್ ನಂಬರುಗಳು. ಮೋಟಾರಿನ ಸದ್ದಲ್ಲೇ ಬದುಕಿದ್ದಕ್ಕೆ ನಮ್ಮಬ್ಬ ಪಕ್ಕದಲ್ಲಿ ಕೂತವರಿಗೂ ಆಚೆ ಬೀದಿಗೆ ಕೇಳೋ ಹಾಗೆ ಮಾತಾಡ್ತಾರೆ. ಮನೇಲಿ ಉರ್ದು, ಆದರೆ ಸಿಟ್ಟು ಬಂದರೆ ಮಂಡ್ಯದ ಕನ್ನಡ. ಉರ್ದುವಿನಲ್ಲಿ ಬೈದರೆ ಬೈದಂಗೇ ಇರಲ್ಲ, ಸುಮ್ಮನೆ ಮರ್ಯಾದೆ ಕೊಟ್ಟಂಗಾಗುತ್ತೆ ಅಂತಾರೆ.

ಅಂಗಡಿಯ ಮೇಲಿನ ಒಂದು ರೂಮೇ ನನ್ನ ಆಫೀಸು. ಕೆಳಗೆ ಸುತ್ತಿಗೆ ಸದ್ದು, ಮೇಲೆ ಕೀಬೋರ್ಡ್ ಸದ್ದು. ಎರಡೂ ಒಂದೇ ಮನೆಯ ಅನ್ನ.

ತಂತಿ ಇಲ್ಲದ ರಿವೈಂಡಿಂಗ್

ಮೋಟಾರು ಬಿಡಿಸಿಕೊಳ್ಳೋಕೆ ಬಂದ ರೈತರೊಬ್ಬರು ಒಂದು ದಿನ ಮೆಟ್ಟಿಲ ಹತ್ತಿರ ನಿಂತು ನನ್ನನ್ನೇ ನೋಡ್ತಿದ್ದರು.

"ಸಾಬ್ರೇ, ನಿಮ್ಮ ಮಗ್ಳು ಬೆಳಗ್ಗಿಂದ ಆ ಪೆಟ್ಗೆ ಮುಂದೆ ಕುಂತವ್ಳೆ. ಏನು ಕೆಲ್ಸ ಅದು?"

ನಾನು ಇಳಿದು ಬಂದು ವಿವರಿಸೋಕೆ ಶುರು ಮಾಡಿದೆ. ಆಪು ಅಂದರೆ ಏನು, ಕೋಡ್ ಅಂದರೆ ಏನು ಅಂತ. ಐದು ನಿಮಿಷ ಆದ ಮೇಲೆ ಅವರು ನಮ್ಮಬ್ಬನ ಕಡೆ ತಿರುಗಿ, "ಏನಂತೆ?" ಅಂದರು.

ನಮ್ಮಬ್ಬ ತಲೆ ಎತ್ತಲಿಲ್ಲ. "ಇವ್ಳೂ ರಿವೈಂಡಿಂಗೇ ಕಣಪ್ಪ ಮಾಡೋದು. ಎಲ್ಲಿ ಸುಟ್ಟೋಗದೆ ಅಂತ ಉಡುಕ್ತಾಳೆ, ಬಿಚ್ತಾಳೆ, ಮತ್ತೆ ಸುತ್ತಾಳೆ. ತಂತಿ ಇಲ್ಲ, ಅಷ್ಟೇಯ."

"ಓ! ಅಂಗೇಳವ್ವ ಮತ್ತೆ!" ಅಂದರು ರೈತರು.

ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದನ್ನ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ ರೈತರು. ಹೊರಡೋವಾಗ ಕೇಳಿದರು: "ಕರೆಂಟೋದ್ರೆ ಇಬ್ರಿಗೂ ಕೆಲ್ಸ ಇಲ್ಲ ಅನ್ನಿ?"

ಮಳವಳ್ಳಿಯ ಹೊಸ್ತಿಲು

ಮಳವಳ್ಳಿಯ ಸೀರೆ ಅಂಗಡಿಯ ಯಜಮಾನರೊಬ್ಬರಿಗೆ ವೆಬ್‌ಸೈಟ್ ಮಾಡಿಕೊಟ್ಟೆ. ಕೆಲಸ ಬೇಗ ಮುಗಿಯಿತು ಅಂತ ಹೆಮ್ಮೆಯಿಂದ ಫೋನ್ ಮಾಡಿ, "ಸರ್, ಸೈಟು ನೆಟ್‌ನಲ್ಲಿ ಓಪನ್ ಆಗಿದೆ, ಯಾರು ಬೇಕಾದ್ರೂ ನೋಡಬಹುದು" ಅಂದೆ.

ಆ ಕಡೆಯಿಂದ ಗಾಬರಿ. "ಏನಮ್ಮ, ಬಾಗ್ಲು ತೆಗೆದ್ಬುಟ್ಟಿದೀಯಾ? ಪೂಜೆ ಇಲ್ದೆ? ಮುಚ್ಚಮ್ಮ ಮೊದ್ಲು!"

ಮುಚ್ಚಿದೆ. ಇನ್ನೇನು ಮಾಡಲಿ? ಒಳ್ಳೇ ದಿನ ನೋಡಿ, ರಾಹುಕಾಲ ಕಳೆದ ಮೇಲೆ ಉದ್ಘಾಟನೆ ಅಂತ ಗೊತ್ತಾಯಿತು. ನಾನು ಹೋಗೋ ಹೊತ್ತಿಗೆ ಮೇಜಿನ ಮೇಲೆ ಬಾಳೆಎಲೆ, ಎರಡು ಕಡೆ ನಿಂಬೆಹಣ್ಣು. ನನ್ನ ಲ್ಯಾಪ್‌ಟಾಪಿಗೆ ಮಲ್ಲಿಗೆ ಹಾರ ಹಾಕಿ, ಪರದೆಗೆ ಅಡ್ಡವಾಗಿ ಕೆಂಪು ಟೇಪು ಕಟ್ಟಿದರು. ಪುರೋಹಿತರು ಮಂತ್ರ ಹೇಳ್ತಾ ಹೇಳ್ತಾ ಅರಿಶಿನದ ಬಟ್ಟಲು ಹಿಡಿದು ನನ್ನನ್ನ ಕೇಳಿದರು: "ಇದರಲ್ಲಿ ಹೊಸ್ತಿಲು ಯಾವುದಮ್ಮ?"

ಎಲ್ಲರೂ ನನ್ನ ಕಡೆ ನೋಡಿದರು. ಇಷ್ಟು ದೊಡ್ಡ ಎಂಜಿನಿಯರಿಗೆ ಹೊಸ್ತಿಲು ಯಾವುದು ಅಂತ ಗೊತ್ತಿಲ್ಲ ಅಂದರೆ ಆಗುತ್ತಾ? ಧೈರ್ಯವಾಗಿ ಸ್ಪೇಸ್ ಬಾರ್ ತೋರಿಸಿದೆ. ಅವರು ನಿಧಾನವಾಗಿ ಅದರ ಉದ್ದಕ್ಕೂ ಅರಿಶಿನ ಹಚ್ಚಿ ಮೂರು ಕಡೆ ಕುಂಕುಮ ಇಟ್ಟರು. ಯಜಮಾನರು ಟೇಪು ಕತ್ತರಿಸಿದರು, ನಾನು ಗುಂಡಿ ಒತ್ತಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಸೈಟು ಇವತ್ತಿನವರೆಗೆ ಒಂದು ದಿನಾನೂ ಕೆಟ್ಟಿಲ್ಲ. ನನ್ನ ಕೆಲಸದಿಂದಲೋ, ಅರಿಶಿನದಿಂದಲೋ ಅಂತ ನನಗೆ ಆಗಾಗ ಅನುಮಾನ ಬರುತ್ತೆ. ಯಜಮಾನರಿಗೆ ಅಂಥ ಅನುಮಾನ ಯಾವತ್ತೂ ಬಂದಿಲ್ಲ.

ಗದ್ದೆಗೆ ಕಾಲಿಲ್ಲ

ಈಗ ನೀರಿನ ಆಪಿನ ವಿಷಯಕ್ಕೆ ಬರ್ತೀನಿ.

ಕೊತ್ತತ್ತಿ ಕಡೆಯ ಅಜ್ಜಿಯೊಬ್ಬಳು ಮಂಡ್ಯದ ಸಂತೆಗೆ ಬಂದಾಗಲೆಲ್ಲ ನಮ್ಮ ಅಂಗಡಿಯಲ್ಲಿ ಕೂತು ಎಲೆ ಅಡಿಕೆ ಹಾಕಿ ಹೋಗ್ತಾಳೆ. ಅವಳದು ನಾಲೆಯ ಕೊನೇ ಗದ್ದೆ. ಅಲ್ಲಿ ನೀರು ಸರದಿ ಪ್ರಕಾರ ಬರೋದು. ನೀರುಗಂಟಿ, ಅಂದರೆ ಊರಿನ ಗದ್ದೆಗಳಿಗೆಲ್ಲ ನೀರು ಹಂಚೋನು, ತೂಬು ತೆಗೆದು ಏರಿ ಮೇಲೆ ನಿಂತು ಕೂಗ್ತಾನೆ. ಮೊದಲ ಗದ್ದೆಯೋರಿಗೆ ಕೇಳುತ್ತೆ, ನಡುವಿನವರಿಗೆ ಅರ್ಧ ಕೇಳುತ್ತೆ. ಅಜ್ಜಿಗೆ ಕೇಳಲ್ಲ. ಅವಳು ಗದ್ದೆಗೆ ಹೋಗಿ ಮಣ್ಣು ಸರಿಸಿ ನೀರಿನ ಮಡೆಯನ್ನ ಒಳಗೆ ತಿರುಗಿಸೋ ಹೊತ್ತಿಗೆ ನೀರು ಹಳ್ಳ ಸೇರಿರುತ್ತೆ.

"ಓದ್ಸಲ ಎಲ್ಡು ಸರದಿ ತಪ್ತು ಕಣವ್ವ. ಪೈರು ಕೆಂಪಗಾಯ್ತು. ಈ ಸಲಾನೂ ತಪ್ಪಿದ್ರೆ ಬತ್ತ ಇಲ್ಲ, ಬರೇ ಉಲ್ಲು" ಅಂದಳು.

ನಾನು ಅವತ್ತೇ ಕೂತೆ. ನೀರುಗಂಟಿ ತೂಬು ತೆಗೆದಾಗ ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಸರದಿ ಹತ್ತಿರ ಬಂದಂತೆ ಒಬ್ಬೊಬ್ಬರ ಫೋನೂ ಟಿಂಗ್ ಅನ್ನುತ್ತೆ. ಅಕ್ಷರ ಬರದವರಿಗೂ ಗೊತ್ತಾಗಲಿ ಅಂತ ಪರದೆ ತುಂಬ ನೀಲಿ ಹನಿ.

ನಮ್ಮಬ್ಬ ಮಾತ್ರ ಸುತ್ತಿಗೆ ಕೆಳಗಿಟ್ಟು ಕನ್ನಡಕ್ಕೆ ಬಂದರು. "ಇದು ನೀರಿನ ಇಚಾರ ಕಣಮ್ಮ, ಸೀರೆ ಅಲ್ಲ. ಒಂದು ಸರದಿ ತಪ್ಪುದ್ರೂ ಅವ್ರು ನಿನ್ನ ಕೇಳಲ್ಲ, ನನ್ನ ಕೇಳ್ತಾರೆ. ಮೂವತ್ತು ವರ್ಸದ ಎಸ್ರು ಕಣಮ್ಮ ಇದು!"

ಆಚೆ ಬೀದಿಯವರೂ ಕೇಳಿಸಿಕೊಂಡರು. ಆದರೆ ಹಿಡಿದ ಕೆಲಸ ಬಿಡೋಳಲ್ಲ ನಾನು, ಅವರದೇ ಮಗಳು.

ಅಜ್ಜಿಯ ಊರಿಗೆ ಹೋಗಿ ಒಬ್ಬೊಬ್ಬರ ಫೋನಿಗೂ ಆಪು ಹಾಕಿದೆ. ನಕ್ಷೆಯಲ್ಲಿ ಗದ್ದೆ ಗುರುತಿಸೋಕೆ ಲೊಕೇಶನ್ ಆನ್ ಮಾಡಿ ಅಂದೆ. ಮೊದಲ ಗದ್ದೆಯವನು ಫೋನು ಕಿತ್ತುಕೊಂಡ. "ಯಾಕೆ? ನಾನೆಲ್ಲಿದೀನಿ ಅಂತ ಮನೇವ್ಳಿಗೇ ಏಳಲ್ಲ, ನಿಂಗ್ಯಾಕವ್ವ ಏಳ್ಲಿ?"

"ನಿಮ್ಮದಲ್ಲಣ್ಣ, ಗದ್ದೆ ಎಲ್ಲಿದೆ ಅಂತ ಗೊತ್ತಾಗಬೇಕು."

"ಗದ್ದೆಗೇನು ಕಾಲದಾವಾ? ನಮ್ ತಾತನ ಕಾಲ್ದಿಂದ ಅಲ್ಲೇ ಬಿದ್ದದೆ. ನಂದಾದ್ಮ್ಯಾಕೆ ಪಕ್ಕದೋನ್ದು, ಅವ್ನಾದ್ಮ್ಯಾಕೆ ಅವನ ತಮ್ಮುಂದು. ಬರ್ಕೊ!"

ಬರ್ಕೊಂಡೆ. ಒಂದು ವಾರ ನಿದ್ದೆಗೆಟ್ಟು ಮಾಡಿದ ನಕ್ಷೆಯನ್ನ ಪೂರ್ತಿ ಅಳಿಸಿಹಾಕಿ, ಒಂದು ಪಟ್ಟಿ ಇಟ್ಟೆ. ಆಪು ಮೊದಲಿಗಿಂತ ಚುರುಕಾಯಿತು. ನಾನು ಅವನಿಗೆ ಥ್ಯಾಂಕ್ಸ್ ಹೇಳಿದ್ದಕ್ಕೆ ಅವನಂದ: "ನಕ್ಸೆ ತೆಗೆದಿದ್ದಕ್ಕೆ ಸಂಬ್ಳ ಕೊಡ್ತೀಯಾ?"

ಮೂರೇ ಸ್ಟಾರು

ಆಪು ಶುರುವಾಗಿ ಎರಡು ಸರದಿ ಸರಿಯಾಗಿ ನಡೆಯಿತು. ಆದರೆ ನೀರುಗಂಟಿ ಗುಂಡಿ ಒತ್ತಿದ ಮೇಲೂ ಏರಿ ಮೇಲೆ ನಿಂತು ಕೂಗೋದು ಬಿಟ್ಟಿರಲಿಲ್ಲ. ಕೂಗಿ ಸಾಲದೆ ಅಜ್ಜಿ ಮನೆ ತನಕ ಸೈಕಲ್ ತುಳಿದು ಹೇಳಿ ಬರ್ತಿದ್ದ. ಹಾಗಾಗಿ ನೀರು ತಲುಪಿಸಿದ್ದು ಆಪೋ, ಅವನ ಸೈಕಲ್ಲೋ ಅಂತ ಯಾರಿಗೂ ಗೊತ್ತಿರಲಿಲ್ಲ.

ಅವನೇ ಆಪಿಗೆ ಮೂರು ಸ್ಟಾರು ಕೊಟ್ಟಿದ್ದ. ನನಗೆ ತಡೆಯಲಾಗಲಿಲ್ಲ. "ಯಾಕಣ್ಣ ಮೂರು? ಏನಾದ್ರೂ ಕೆಟ್ಟಿದೆಯಾ?"

"ಏನೂ ಕೆಟ್ಟಿಲ್ಲ ಕಣವ್ವ, ಸಂದಾಕದೆ."

"ಮತ್ತೆ ಇನ್ನೆರಡು?"

"ಬತ್ತ ಮನೆಗೆ ಬರ್ಲಿ. ಆಮ್ಯಾಕೆ ಬಾ, ಕೊಡ್ತೀನಿ."

ಮುತ್ತತ್ತಿಯ ಶನಿವಾರ

ಮೂರನೇ ಸರದಿ ಶನಿವಾರ ಬಿತ್ತು. ತೆನೆ ಕಟ್ಟೋ ಹೊತ್ತು. ಈ ನೀರು ತಪ್ಪಿದರೆ ಅಜ್ಜಿಯ ಪೈರು ಜೊಳ್ಳು. ಅವತ್ತೇ ನೀರುಗಂಟಿ ಮುತ್ತತ್ತಿ ಆಂಜನೇಯನಿಗೆ ಹರಕೆ ತೀರಿಸೋಕೆ ಹೊರಟ.

"ತೂಬು ನನ್ ಎಂಡ್ತಿ ತೆಗೀತಾಳೆ, ಅವ್ಳ ಫೋನ್ಗೂ ಆಪು ಆಕ್ಕೊಡು. ನನ್ನ ನಂಬ್ಕೋಬ್ಯಾಡ. ಅಲ್ಲಿ ಕಾಡು, ಒಂದ್ ಕಡ್ಡಿ ಸಿಗ್ನಲ್ ಸಿಗಲ್ಲ" ಅಂತ ಹಿಂದಿನ ದಿನವೇ ಹೇಳಿದ್ದ, ನಾನು ಹಾಕಿಕೊಟ್ಟಿದ್ದೆ.

ಅಂದರೆ ಕೂಗೋನಿಲ್ಲ, ಸೈಕಲ್ ಇಲ್ಲ. ಬರೀ ಆಪು. ನಮ್ಮಬ್ಬ ಬೆಳಗ್ಗೆಯಿಂದ ಒಂದೇ ಮೋಟಾರನ್ನ ಬಿಚ್ಚೋದು, ಮುಚ್ಚೋದು ಮಾಡ್ತಿದ್ದರು.

ಹತ್ತು ಗಂಟೆಗೆ ನೀರುಗಂಟಿಯ ಹೆಂಡತಿ ಗುಂಡಿ ಒತ್ತಿದಳು. ನನ್ನ ಪರದೆ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ 'ತಲುಪಿದೆ' ಅಂತ ಬಂತು. ಕೊನೆಗೆ ಅಜ್ಜಿಯ ಹೆಸರಿನ ಮುಂದೆಯೂ ಬಂತು. ಆದರೆ ಸುದ್ದಿ ಫೋನಿಗೆ ತಲುಪೋದು ಬೇರೆ, ಅಜ್ಜಿ ಗದ್ದೆಗೆ ತಲುಪೋದು ಬೇರೆ. ಫೋನು ಒಲೆ ಪಕ್ಕ ಇಟ್ಟಿದ್ದರೆ? ನಿದ್ದೆ ಹೋಗಿದ್ದರೆ? ಫೋನ್ ಮಾಡಿ ಕೇಳೋಣ ಅಂತ ಎರಡು ಸಲ ಕೈ ಹೋಯಿತು. ಬೇಡ, ಆಮೇಲೆ ಇದು ನನ್ನ ಆಪಿನ ಕೆಲಸ ಅಂತ ಹೇಳೋಕಾಗಲ್ಲ ಅಂತ ಹಲ್ಲು ಕಚ್ಚಿ ಕೂತೆ. ಕೆಳಗೆ ಸುತ್ತಿಗೆ ಸದ್ದೂ ನಿಂತಿತ್ತು. ನಮ್ಮಬ್ಬ ಅಂಗಡಿಯಲ್ಲೇ ಇರಲಿಲ್ಲ. ಪಾಪ, ಚಿಂತೆಗೆ ಟೀ ಕುಡಿಯೋಕೆ ಹೋಗಿರಬೇಕು ಅಂದುಕೊಂಡೆ.

ಸೋಮವಾರ ಅಜ್ಜಿ ಅಂಗಡಿಗೆ ಬಂದಳು. ನಾನು ಮೆಟ್ಟಿಲು ಹಾರಿಕೊಂಡು ಇಳಿದೆ. ನಮ್ಮಬ್ಬ ಮೋಟಾರಿನಿಂದ ಕೈ ತೆಗೆದರು.

"ಅಜ್ಜಿ, ನೀರು?"

"ಬಂತು ಕಣವ್ವ! ನಿನ್ನ ಆಪು ಟಿಂಗ್ ಅನ್ನೋದೂ ನಾನು ಗುದ್ಲಿ ಇಡ್ಕಂಡು ಓಡೋದೂ ಒಂದೇ ಆಯ್ತು. ನೀರ್ಗಿಂತ ಮುಂದಾಗಿ ನಾನೇ ಗದ್ದೇಲಿದ್ದೆ. ನೋಡ್ಬಾ, ಪೈರು ಎಂಗೆ ನಿಂತದೆ ಅಂತ!"

ನನಗೆ ಕಣ್ಣು ತುಂಬಿಬಂತು. ನಮ್ಮಬ್ಬ ಎದೆ ಮುಂದೆ ಮಾಡಿ, ಅಂಗಡಿ ಮುಂದೆ ಹೋಗ್ತಿದ್ದವರನ್ನೆಲ್ಲ ಒಂದು ಸಲ ನೋಡಿದರು.

"ಮಾತಾಡೋದು ಬ್ಯಾರೆ ಮಡಗಿದೀಯಲ್ಲವ್ವ, ಅದಿನ್ನೂ ಸಂದಾಗದೆ" ಅಂದಳು ಅಜ್ಜಿ.

"ಮಾತಾಡೋದಾ?" ನನ್ನ ಆಪಿಗೆ ಟಿಂಗ್ ಬಿಟ್ಟರೆ ಬೇರೆ ದನಿಯೇ ಇಲ್ಲ.

"ಊಂ. ಗದ್ದೇಲಿ ನಿಂತಿದ್ನಾ, ಫೋನು ಬಡ್ಕತು. ಎತ್ತುದ್ರೆ ತೇಟ್ ನಮ್ಮ ನೀರುಗಂಟಿ ದನಿ! 'ನೀರು ಬರ್ತದೆ, ಗದ್ದೆ ತಾವ್ಕೋಗು' ಅಂತು. ಇಂದ್ಗಡೆ ಗುಡಿ ಗಂಟೆ ಬ್ಯಾರೆ ಒಡೀತಿತ್ತು. ನೀರು ಬರೋ ಒತ್ನಲ್ಲಿ ಗಂಟೆ ಬಾರ್ಸೋದು ಎಷ್ಟು ಸುಬ ಕಣವ್ವ! ಎಂಗೆ ಒಳೀತು ನಿಂಗೆ?"

ಒಂದು ಕಡ್ಡಿ ಸಿಗ್ನಲ್ ಸಿಗಲ್ಲ ಅಂದ ಮನುಷ್ಯ ಆಂಜನೇಯನ ಗುಡಿ ಮುಂದೆ ಅದನ್ನ ಹುಡುಕಿಕೊಂಡು ನಿಂತಿದ್ದ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರು ಎಷ್ಟು ಕೂಗಿದರೇನು, ಅಜ್ಜಿಯನ್ನ ಮೊದಲು ಎಬ್ಬಿಸಿದ್ದು ನನ್ನ ಟಿಂಗೇ.

"ಅದ್ನ ಇಡೋ ಒತ್ಗೆ ಇನ್ನೊಂದು ಸಲ ಬಡ್ಕತು" ಅಂದಳು ಅಜ್ಜಿ. "ಈ ಸಲ ತೇಟ್ ಸಾಬ್ರ ದನಿ!"

ನಾನು ನಮ್ಮಬ್ಬನ ಕಡೆ ತಿರುಗಿದೆ. ಅವರು ಮೋಟಾರಿನ ಒಳಗೆ ಏನೋ ಬಿದ್ದುಹೋದ ಹಾಗೆ ತಲೆಯನ್ನೇ ತೂರಿಸಿದ್ದರು. ಅವರ ಬೆನ್ನ ಹಿಂದೆ ಗೋಡೆ ಮೇಲಿನ ಪೆನ್ಸಿಲ್ ನಂಬರುಗಳಲ್ಲಿ, ಕೊತ್ತತ್ತಿ ಕಡೆಯವಕ್ಕೆಲ್ಲ ಒಂದೊಂದು ಸಣ್ಣ ಟಿಕ್ ಬಿದ್ದಿತ್ತು. ಶನಿವಾರ ಅವರು ಹೋಗಿದ್ದು ಟೀಗಲ್ಲ; ದನಿ ನನಗೆ ಕೇಳಬಾರದು ಅಂತ ನಂಬರು ಬರ್ಕೊಂಡು ಆಚೆ ಹೋಗಿದ್ದರು.

ಅಜ್ಜಿ ಎಲೆಗೆ ಸುಣ್ಣ ಸವರಿ ಎದ್ದಳು. "ಐದೂ ಸ್ಟಾರು ಒತ್ತಿವ್ನಿ ಕಣವ್ವ, ಎಲ್ಲ ಸಂದಾಗದೆ. ಒಂದೇ ಒಂದು ಸರಿ ಮಾಡು. ಆ ಸಾಬ್ರ ದನಿ ಮಾತ್ರ ಒಸಿ ತಗ್ಗುಸು, ಕಿವಿ ಕಿತ್ತೋಯ್ತದೆ."