ಹನಿ ಬೀಳುವ ಸದ್ದು

ಗದಗದ ಕಡೆಯಿಂದ ಪುಣೆಗೆ ಬಂದು ನಲವತ್ತು ವರ್ಷವಾಯಿತು. ನಮ್ಮ ಮನೆಯಲ್ಲಿ ನಗುವಂಥದ್ದು ಒಂದಿಲ್ಲೊಂದು ನಡೆಯುತ್ತಲೇ ಬಂದಿದೆ. ಈಗ ನೆನೆದು ನಗುವವಳು ನಾನೊಬ್ಬಳೇ.

ಒಗ್ಗರಣೆ

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ವೆಲ್ಡರ್. ತಂತಿಯ ತುದಿ ಕರಗಿ ಹನಿಹನಿಯಾಗಿ ಬೀಳುವ ಚಿಟಪಟ ಕೇಳಿಯೇ ಕೆಲಸ ಸರಿಯೋ ತಪ್ಪೋ ಹೇಳುತ್ತಿದ್ದರು. ನಾನು ಒಗ್ಗರಣೆಗೆ ಇಟ್ಟರೆ ಹೊರಗಿನ ಖೋಲಿಯಿಂದ ಕೂಗು: "ಕರೆಂಟ್ ಜಾಸ್ತಿ ಆತು, ಇಳಸು!" ಉರಿ ಸಣ್ಣ ಮಾಡು ಎಂದರ್ಥ.

"ಸಾಸಿವಿ ಸಿಡದರ ನಿಮಗೇನ್ರೀ?"

"ಮಾಲು ರಿಜೆಕ್ಟ್!"

ರಿಜೆಕ್ಟ್ ಆದ ಮಾಲನ್ನೇ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು.

ವಿಭೂತಿ

ಮಗಳು ಶಿವಾಜಿನಗರದ ಕಾಲೇಜಿನಲ್ಲಿ ಆ ಹನಿಗಳ ಮೇಲೆಯೇ ಸಂಶೋಧನೆ ಹಿಡಿದಳು. ಹನಿ ಕಬ್ಬಿಣಕ್ಕೆ ತಾಗಿದಾಗೆಲ್ಲ ವೋಲ್ಟೇಜ್ ಕುಸಿದು ಕರೆಂಟ್ ಏರುತ್ತದಂತೆ. ಪರದೆಯ ಗೆರೆ ನೋಡಿ ಹನಿ ಎಣಿಸಬಹುದಂತೆ. ದಸರೆಯ ಖಂಡೆ ಪೂಜೆಯ ದಿನ ಇವರು ಅಲ್ಲಿಗೆ ಹೋಗಿ ಯಂತ್ರಕ್ಕೆಲ್ಲ ವಿಭೂತಿ ಹಚ್ಚಿ ಬಂದರು. ಮರುದಿನ ಗೆರೆ ಹುಚ್ಚೆದ್ದು ಕುಣಿಯಿತು. ಹೊಸದೇನೋ ಸಿಕ್ಕಿತೆಂದು ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಕಬ್ಬಿಣಕ್ಕೆ ಕಚ್ಚಿ ಕರೆಂಟ್ ಹಾಯಿಸುವ ಅರ್ಥಿಂಗ್ ಕ್ಲಾಂಪ್ ಬಿಚ್ಚಿದರೆ ಹಲ್ಲಿನ ತುಂಬ ವಿಭೂತಿ!

"ಅಪ್ಪಾ, ಒಳಗೂ ಹಚ್ಚೀರೇನು?"

"ದೇವರು ಹೊರಗಷ್ಟ ಇರ್ತಾನೇನವಾ?"

ಗೆರೆ ಮತ್ತು ಕಿವಿ

ಅನುಭವಸ್ಥನ ಕಿವಿಯೂ ಪರದೆಯ ಗೆರೆಯೂ ಒಂದೇ ಮಾತು ಹೇಳುತ್ತವೆಂದು ತೋರಿಸುವುದು ಮಗಳ ಆಸೆ. ನಿವೃತ್ತರಾದ ಅಪ್ಪನೇ ಆ ಕಿವಿ. ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಯಂತ್ರಕ್ಕೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು, ಹನಿ ಹೇಗೆ ಬೀಳುತ್ತಿದೆಯೆಂದು ಹೇಳಬೇಕು. ಒಂದು ವರ್ಷ ಒಮ್ಮೆಯೂ ತಪ್ಪಲಿಲ್ಲ.

ನಾನು ಊಟದ ಡಬ್ಬಿ ಒಯ್ದಿದ್ದ ಒಂದು ದಿನ ಇವರು ಮಗಳ ಮೇಜಿನ ಮೇಲಿನ ಪರದೆಯತ್ತ ಓರೆಗಣ್ಣು ಬಿಟ್ಟು, "ಭಾಳ ಛಲೋ ಬೀಳಾಕತ್ತಾವ" ಎಂದರು.

"ಅಪ್ಪಾ, ಅದು ನಿನ್ನಿ ಗೆರಿ. ಮಷೀನ್ ಇನ್ನೂ ಚಾಲೂನೇ ಮಾಡಿಲ್ಲ."

ಅಲ್ಲಿದ್ದ ಹುಡುಗರೆಲ್ಲ ನಕ್ಕರು, ಇವರೂ ನಕ್ಕರು. ಮಗಳು ಮಾತ್ರ ಅಪ್ಪನ ಉತ್ತರ ಬರೆದಿಟ್ಟ ವರ್ಷದ ವಹಿ ಮುಚ್ಚಿಟ್ಟಳು. ಬಸ್ಸಿನಲ್ಲಿ ಇವರು ಕಿಟಕಿ ಕಡೆ ಮುಖ ಮಾಡಿ ಹೇಳಿದರು: "ಮಾತು ಕೇಳಸ್ತದ. ಚಿಟಪಟ ಕೇಳಸೂದು ನಿಂತು ವರ್ಷದ ಮ್ಯಾಲಾತು. ಅಕಿಗೆ ಹೆಂಗ ಹೇಳ್ಲಿ?"

ನಾನು ಕೇಳಿದೆ: "ಮತ್ತ ನನ್ನ ಒಗ್ಗರಣಿ?"

"ಅದಕ್ಕ ಕಿವಿ ಯಾಕ ಬೇಕು? ನೀ ದಿನಾ ಹೊತ್ತಸ್ತಿ, ವಾಸನಿ ಬರ್ತದ."

ಕೂಗು

ಹೋದ ವರ್ಷ ಅವರು ತೀರಿಕೊಂಡರು. ಮೊನ್ನೆ ಬೇಕೆಂದೇ ಸಾಸಿವೆ ಹೊತ್ತಿಸಿ, ಉರಿ ಇಳಿಸದೆ, ಹೊರಗಿನ ಖೋಲಿಯತ್ತ ಕಿವಿಗೊಟ್ಟು ನಿಂತೆ. ಕೂಗು ಬಂದೇ ಬಂತು. ಎದುರು ಮನೆಯ ಮರಾಠಿ ಸೊಸೆ: "ಆಜೀ, ಗ್ಯಾಸ್ ಬಂದ್ ಕರಾ!"

ಬಾಗಿಲು ತೆಗೆದು, ಕಣ್ಣೊರೆಸಿಕೊಳ್ಳುತ್ತ, "ಏನ್ ಕಿವಿನವಾ ನಿಂದು!" ಎಂದೆ.

ಕನ್ನಡ ಬಾರದ ಹುಡುಗಿ, ಮೂಗು ಮುಚ್ಚಿಕೊಂಡೇ ತಲೆಯಾಡಿಸಿದಳು.