ಸೀಮಂತದ ಅಕ್ಷರಪಟ್ಟಿ

"ರಮ್ಯಾಳ ಸೀಮಂತ ಬರೀ ಲೈವ್ ಅಲ್ಲ ಕಣೇ! ಆಡಿದ ಒಂದೊಂದು ಮಾತೂ ಪರದೆ ಮೇಲೆ ಅಕ್ಷರವಾಗಿ ಬರ್ತದೆ!" ಎಂದು ನಾನು ಘೋಷಿಸಿದಾಗ ನನ್ನಾಕೆ ಮೀನಾ ಬೇಳೆ ಆರಿಸುತ್ತಿದ್ದಳು.

"ಟೈಪ್ ಮಾಡೋರು ಯಾರು?"

"ಯಾರಂದ್ರೆ? ಕೆ.ಆರ್. ನಗರದಲ್ಲಿ ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದ ಈ ಹತ್ತು ಬೆರಳು! ಕಿವಿಗೆ ಬಿದ್ದದ್ದು ತಲೆಗೆ ಹೋಗೋಕೆ ಮೊದ್ಲೇ ಕೀಲಿಗೆ ಹೋಗಿರ್ತದೆ!"

ಇಷ್ಟೆಲ್ಲ ಸಾಹಸ ಮೀನಾಳ ಅಕ್ಕ ಸುನಂದಮ್ಮನವರಿಗಾಗಿ. ನಮ್ಮ ಮಗಳು ರಮ್ಯಾಳನ್ನು ಎತ್ತಿ ಆಡಿಸಿದ ದೊಡ್ಡಮ್ಮ. ಕಾಲಿನ ಆಪರೇಷನ್ ಆಗಿ ಸರಗೂರಿನಲ್ಲಿ ಮಲಗಿದ್ದರು. ಕಿವಿಯಂತೂ ನಾಲ್ಕು ವರ್ಷದಿಂದ ಪೂರ್ತಿ ಕೇಳಿಸುವುದಿಲ್ಲ. ಅವರನ್ನು ಬಿಟ್ಟು ಸೀಮಂತ ಮಾಡಲು ನಮಗೆ ಮನಸ್ಸೇ ಇರಲಿಲ್ಲ.

ಮೂರು ದಿನ ಸಂಶೋಧನೆ! ಫೋನಿನ ಚಿತ್ರ ಲ್ಯಾಪ್‌ಟಾಪಿಗೆ ಬರಬೇಕು, ಅದರ ಮೇಲೊಂದು ಕಪ್ಪು ಪಟ್ಟಿ ಕೂರಬೇಕು, ಪಟ್ಟಿಯಲ್ಲಿ ನನ್ನ ಅಕ್ಷರ ಓಡಬೇಕು. ಇದು ಅದರ ಮೇಲೆ ಹೇಗೆ ಕೂರುತ್ತದಪ್ಪಾ ಎಂದು ನೋಡುತ್ತಾ ನೋಡುತ್ತಾ ಕಾಫಿ ಆರಿಹೋಗುತ್ತಿತ್ತು. ಪಟ್ಟಿ ಮೇಲಿಟ್ಟರೆ ಮಗಳ ಮುಖ ಮಾಯ, ಮಧ್ಯಕ್ಕಿಟ್ಟರೆ ಹೊಟ್ಟೆ ಮಾಯ.

"ಸೀಮಂತದಲ್ಲಿ ಹೊಟ್ಟೆ ಕಾಣ್ಬೇಡ್ವೇನ್ರೀ?" ಎಂದಳು ಮೀನಾ. ಕೊನೆಗೆ ರಮ್ಯಾಳ ಪಾದದ ಬಳಿ ಪಟ್ಟಿಗೆ ಪಟ್ಟಾಭಿಷೇಕವಾಯಿತು.

ಆ ದಿನ ಬಂತು. ನಾನು ಹಾಲ್‌ನ ಮೂಲೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ ಕೂತು ಕಣ್ಣು ಮುಚ್ಚಿ ಟಕಟಕ! ಹಾಡು ಬಂತು, ಹಾರೈಕೆ ಬಂತು, "ಹಸಿರು ಬಳೆ ಎಲ್ಲಿ?" ಎಂಬುದೂ ಬಂತು. ಕಣ್ಣು ಬಿಟ್ಟರೆ ಪರದೆಯ ಮೂಲೆಯಲ್ಲಿ ಲೆಕ್ಕ, ನೋಡುತ್ತಿರುವವರು: ಒಬ್ಬರು. ಸುನಂದಮ್ಮ ಅತ್ತಿಗೆಯೇ!

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮೀನಾ ಪಕ್ಕದ ಮನೆ ಶಾಂಭವಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಅಕ್ಕ ಕಳ್ಸಿರೋ ಸೀರೆ ಬಣ್ಣ ನೋಡಿದ್ಯಾ? ಒಳ್ಳೆ ಹಳಸಿದ ಸಾರು! ಅದುಕ್ಕೇ ಉಡಿಸ್ಲಿಲ್ಲ ಕಣೇ."

ನನ್ನ ಬೆರಳುಗಳು ಒಂದಕ್ಷರ ತಪ್ಪಿಲ್ಲದೆ ಅದನ್ನೂ ಬಡಿದವು!

"ಅಪ್ಪಾ! ಏನ್ ಹಾಕಿದ್ದೀಯ ನೋಡು!" ರಮ್ಯಾ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಟಿವಿ ನೋಡಿ ಕಿರುಚಿದಳು. ಅದೂ ಪಟ್ಟಿಗೆ ಬಂತು.

ಮೀನಾ ಸೌಟು ಹಿಡಿದೇ ಓಡಿ ಬಂದಳು. "ಅಳಿಸ್ರೀ!" ಬಂತು. "ಟೈಪ್ ಮಾಡ್ಬೇಡಿ ಅಂದೆ!" ಅದೂ ಬಂತು. "ಅಯ್ಯೋ, ಮಾನ ಹೋಯ್ತು!" ಆಶ್ಚರ್ಯಸೂಚಕ ಚಿಹ್ನೆಯ ಸಮೇತ!

ನೋಡುತ್ತಿರುವವರು: ಸೊನ್ನೆ.

ಹಾಡು ನಿಂತಿತು. ಮೀನಾ ನೆಲದ ಮೇಲೆ ಕುಸಿದು ಕೂತಳು. "ನಮ್ಮಕ್ಕ ಇನ್ನು ನನ್ ಮೊಕ ನೋಡಲ್ಲ ಕಣ್ರೀ" ಎಂದು ಅತ್ತಳು.

ಐದು ನಿಮಿಷಕ್ಕೆ ಸೊನ್ನೆ ಒಂದಾಯಿತು. ಕೆಳಗೆ ಅತ್ತಿಗೆಯ ಸಂದೇಶ:

"ಇಂಟರ್ನೆಟ್ಟು ಹೋಗಿತ್ತು. ಆ ಬಣ್ಣ ನಂಗೂ ಇಡಿಸಿರ್ಲಿಲ್ಲ ಬುಡು ಮೀನಾ, ಅಂಗಡಿಯೋನು ಕಟ್ಬುಟ್ಟ. ಟೈಪ್ ನಿಲ್ಲಿಸ್ಬೇಡಿ. ಕಿವಿ ಹೋದ ಮ್ಯಾಲೆ ಎಲ್ಲಾರೂ 'ಊಟ ಆಯ್ತಾ' ಅಂತ ಬರ್ದು ತೋರಿಸ್ತಾರೆ, ಅಷ್ಟೇಯ. ಮನೆ ಮಾತು ಕೇಳಿ ನಾಕು ವರ್ಸ ಆಗಿತ್ತು."

ಮೀನಾ ಅಳುತ್ತಲೇ ನಕ್ಕಳು. ನಾನು ಗೆದ್ದವನಂತೆ ಕಾಲರ್ ಸರಿಮಾಡಿಕೊಂಡೆ. ಆಗ ಇನ್ನೊಂದು ಸಂದೇಶ ಬಂತು.

"ನಿನ್ ಗಂಡ ನಟರಾಜಪ್ಪನ ಕಿವಿ ಭಾಳ ಚುರುಕು ಕಣಮ್ಮಿ. ಅಡುಗೆಮನೆ ಪಿಸುಮಾತೂ ಬುಡಲ್ಲ!"

ಮೀನಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಹೌದಲ್ವಾ? ಹಂಗಾದ್ರೆ ಮೂವತ್ತು ವರ್ಷದಿಂದ ಕಸ ಹಾಕ್ಬನ್ನಿ ಅಂತ ಗಂಟಲು ಹರ್ಕೊಂಡ್ರೂ 'ಕೇಳಿಸ್ಲಿಲ್ಲ ಕಣೇ' ಅಂತಿದ್ರಲ್ಲಾ?"

ಬೆರಳುಗಳು ಆ ಪ್ರಶ್ನೆಯನ್ನೂ ಪಟ್ಟಿಗೆ ಹಾಕಿದವು. ಸರಗೂರಿನಲ್ಲಿ ಅತ್ತಿಗೆ ಉತ್ತರಕ್ಕೆ ಕಾದಿದ್ದರು. ನಾನು ಮಾತ್ರ ಲ್ಯಾಪ್‌ಟಾಪ್ ಬಿಟ್ಟು ಕಸದ ಬುಟ್ಟಿ ಎತ್ತಿಕೊಂಡು ಬೀದಿಗಿಳಿದಿದ್ದೆ!